ಹಿತ್ತಲ ಬಾವಿಯ ವಿಮೋಚನೆ

ಅಮೆರಿಕವನ್ನು ಕಂಡರೆ ನನಗೆ ಆಗುವುದಿಲ್ಲ. ಅದು ನನಗೇನೂ ಮಾಡಿಲ್ಲ, ನಿಜ. ಆದರೆ ನಾನು ಅದರ ಬಗ್ಗೆ ಓದಿಬಿಟ್ಟಿದ್ದೇನೆ!

ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದುಕೊಂಡೇ ನಾನು ಇತಿಹಾಸದ ಎಂ.ಎ. ಪರೀಕ್ಷೆಗೆ ಕಟ್ಟಿದ್ದೆ. ಅಮೆರಿಕದ ಮೇಲೊಂದು ಪತ್ರಿಕೆ ಇತ್ತು. ಓದುತ್ತಾ ಹೋದಂತೆ ಮೈ ಉರಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಮಹಾಶಯರು ಸ್ಪೇನಿನ ಕೈಯಿಂದ ಕ್ಯೂಬಾವನ್ನು ಬಿಡಿಸುತ್ತೇವೆಂದು ಹೊರಟರು. ಬಿಡಿಸಿದರು. ಆಮೇಲೆ ತಾವೇ ಕೂತರು! ಫಿಲಿಪ್ಪೀನ್ಸಿನವರು "ನಮ್ಮ ದೇಶ ನಮಗೆ ಕೊಡಿ" ಎಂದರೆ, "ನಿಮಗಿನ್ನೂ ಆಳಿಕೊಳ್ಳಲು ಬರುವುದಿಲ್ಲ, ಕಲಿಸುತ್ತೇವೆ" ಎಂದು ಬಂದೂಕು ಹಿಡಿದು ಕಲಿಸಿದರು. ಅದೇ ಕಾಲಕ್ಕೆ ಅವರ ಊರುಗಳಲ್ಲಿ ಸುಧಾರಣೆಯೋ ಸುಧಾರಣೆ! ಗಟಾರ ತೊಳೆಸುವವರೇನು, ಮಾಂಸದ ಕಾರ್ಖಾನೆ ತಪಾಸಣೆ ಮಾಡುವವರೇನು, ಕುಡುಕರ ಕೈಯಿಂದ ಬಾಟಲಿ ಕಸಿಯುವವರೇನು, ದೊಡ್ಡ ಕಂಪನಿಗಳ ಕಿವಿ ಹಿಂಡುವವರೇನು! ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈಯಲ್ಲಿ ಬಂದೂಕು. ಇಂಥ ಆಷಾಢಭೂತಿಗಳನ್ನು ಸುಮ್ಮನೆ ಬಿಡಬಾರದು ಎಂದು ತೀರ್ಮಾನಿಸಿ, ನಾಂಪಲ್ಲಿಯಲ್ಲಿ ಸೇರುವ ನಮ್ಮ ಕನ್ನಡ ಬಳಗಕ್ಕೆ ಒಂದು ಉಪನ್ಯಾಸ ಕೊಡಲು ಒಪ್ಪಿಕೊಂಡೆ. ವಿಷಯ: ಉದ್ಧಾರದ ಹೆಸರಿನಲ್ಲಿ ಅಮೆರಿಕ. ದಿನ: ನೂಲಹುಣ್ಣಿಮೆಯ ಸಂಜೆ.

ಉಪನ್ಯಾಸಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಆಗ ರಮಣಮ್ಮನವರು ಬಂದರು.

ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯಲ್ಲಿ ನಮ್ಮದು ಮೂರು ಮನೆಗಳ ಸಾಲು. ಮೂರಕ್ಕೂ ಹಿತ್ತಲಲ್ಲಿ ಒಂದೇ ಬಾವಿ, ಒಂದೇ ರಾಟೆ, ಒಂದೇ ಹಗ್ಗ. ಎಡಗಡೆ ಮನೆಯ ರಮಣಮ್ಮ ತೆಲುಗಿನವರು, ಒಂಟಿ ಹೆಂಗಸು, ಸಿಕಂದರಾಬಾದಿನ ಒಂದು ಶಾಲೆಯಲ್ಲಿ ಟೀಚರು. ಬಲಗಡೆ ಮನೆಯಲ್ಲಿ ಕಲಬುರ್ಗಿ ಕಡೆಯ ಅಂಬಕ್ಕ. ಆಕೆಯ ಗಂಡ ಗುಂಡೂರಾಯರು ರಿಟೈರಾದ ಗಾರ್ಡು. ಜೀವನವಿಡೀ ರೈಲಿಗೆ ಹಸಿರು ಬಾವುಟ ತೋರಿಸಿದವರು, ಮನೆಯಲ್ಲಿ ಮಾತ್ರ ಬಿಳಿಯದು. ಅಂಬಕ್ಕನ ಮಡಿ ಭಯಂಕರ. ಬೆಳಗ್ಗೆ ಆಕೆ ಮಡಿನೀರು ಸೇದಿ ಮುಗಿಸುವವರೆಗೆ ಹಗ್ಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

"ರಾವುಗಾರು, ಏಳು ಗಂಟೆ ಟ್ರೈನು ನಂದು," ಎಂದರು ರಮಣಮ್ಮ, ತಮ್ಮ ತೆಲುಗು ಬೆರೆಸಿದ ಕನ್ನಡದಲ್ಲಿ. "ಅಂಬಕ್ಕ ಹಗ್ಗ ಬಿಡೋದ್ರಾಗ ರೋಜೂ ಹತ್ತು ನಿಮಿಷ ಲೇಟು. ಓಡಿ ಓಡಿ ಹಿಡೀಬೇಕು. ಹಿಂಗೇ ಆದ್ರೆ ಕೆಲಸ ಹೋಗುತ್ತಂಡಿ. ಮೀರೇ ಏದೈನಾ ಚೆಯ್ಯಾಲಿ."

ನೀವೇ ಏನಾದರೂ ಮಾಡಬೇಕು! ಈ ಮಾತು ಕೇಳಿ ನನ್ನ ಎದೆ ಎರಡು ಅಂಗುಲ ಉಬ್ಬಿತು. ಒಳಗಿನಿಂದ ನನ್ನ ಹೆಂಡತಿ ಸುಶೀಲಾ ಹೇಳಿದಳು: "ಇನ್ನೊಂದು ರಾಟಿ, ಇನ್ನೊಂದು ಹಗ್ಗ ತಂದು ಹಾಕ್ರಿ. ಅಂಬಕ್ಕಗ ಆಕಿ ಹಗ್ಗ, ನಮಗ ನಮ್ಮ ಹಗ್ಗ. ಮುಗೀತು."

"ಇದು ಹಗ್ಗದ ಪ್ರಶ್ನೆ ಅಲ್ಲ," ಎಂದೆ. "ತತ್ತ್ವದ ಪ್ರಶ್ನೆ!"

"ತತ್ತ್ವಕ್ಕ ಕೊಡ ಕಟ್ಟಿ ನೀರು ಸೇದಲಿಕ್ಕೆ ಬರ್ತದೇನ್ರಿ?"

ಇತಿಹಾಸ ಓದದವರ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ನೇರ ಅಂಬಕ್ಕನ ಬಳಿ ಹೋಗಿ, ಬಾವಿಯ ಸುರಕ್ಷತೆಯ ದೃಷ್ಟಿಯಿಂದ ಅದಕ್ಕೆ ಮುಚ್ಚಳ ಹಾಕಿಸುವುದಾಗಿ ಘೋಷಿಸಿದೆ. ಕಾಗೆ ಬಿದ್ದು ಸತ್ತರೆ ರೋಗ ಹರಡುತ್ತದೆ ಎಂದೆ.

"ಇಪ್ಪತ್ತು ವರ್ಷ ಆತು ನಾವಿಲ್ಲೆ ಬಂದು. ಈ ಬಾವ್ಯಾಗ ಒಂದು ಕಾಗಿ ಬಿದ್ದಿಲ್ಲ!"

"ಬೀಳಬಹುದು," ಎಂದೆ ಗಂಭೀರವಾಗಿ.

ಸ್ಟೇಷನ್ ಹತ್ತಿರದ ವೆಲ್ಡಿಂಗ್ ಅಂಗಡಿಯಿಂದ ಕಬ್ಬಿಣದ ಜಾಳಿಗೆಯ ಮುಚ್ಚಳ ಬಂತು. ಅದಕ್ಕೊಂದು ಬೀಗ ಬಂತು. ಬೀಗವೆಂದರೆ ಬೀಗ, ತೆಂಗಿನಕಾಯಿ ಗಾತ್ರದ್ದು! ಮರುದಿನ ಬೆಳಗಿನ ಜಾವ ಅಂಬಕ್ಕ ಕೊಡಪಾನ ಹಿಡಿದು ಬಂದು ನೋಡಿದರೆ, ಸಾಮ್ರಾಜ್ಯ ಬಿದ್ದುಹೋಗಿತ್ತು. ಗುಂಡೂರಾಯರು ಬಂದು ನೋಡಿ, ಮುಖ ಆಚೆ ತಿರುಗಿಸಿ ಸಣ್ಣಗೆ ನಕ್ಕರು. ಒಂದು ತೊಟ್ಟು ರಕ್ತವಿಲ್ಲದೆ ವಿಮೋಚನೆ! ರಮಣಮ್ಮ ಒಂದು ಡಬ್ಬಿ ಪುಳಿಹೋರ ತಂದುಕೊಟ್ಟರು. ನಾನು ತಿಂದೆ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು.

ಆದರೆ ಬಿಡಿಸಿದ ಮೇಲೆ ಸುಧಾರಿಸಬೇಡವೇ? ಒಂದು ಹಲಗೆಗೆ ಬಣ್ಣ ಬಳಿದು ನಿಯಮ ಬರೆದೆ. ಕೊಡ ತೊಳೆದೇ ಇಳಿಸತಕ್ಕದ್ದು. ಕಟ್ಟೆಯ ಸಮೀಪ ಸಾಬೂನು ತರಕೂಡದು. ಬಾವಿಯಲ್ಲಿ ಯಾವುದೇ ವಸ್ತುವನ್ನು ಹಾಕತಕ್ಕದ್ದಲ್ಲ. ಕೊನೆಯದರ ಕೆಳಗೆ ಎರಡು ಗೆರೆ ಎಳೆದೆ. ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೆ. ನಮ್ಮ ಅಜ್ಜ, ನಮ್ಮಪ್ಪ ಎಲ್ಲರೂ ಕಟ್ಟಿಕೊಂಡದ್ದು ಅಲ್ಲೇ. ನಮ್ಮ ಪೈಕಿ ಗಂಡಸರಿಗೆ ಜನಿವಾರಕ್ಕಿಂತ ಭದ್ರವಾದ ತಿಜೋರಿ ಇಲ್ಲ.

ನಾನು ಏಳುವುದು ಆರಕ್ಕೆ. ಹಿಂದಿನ ದಿನ ತುಂಬಿಟ್ಟ ನೀರಿನಲ್ಲಿ ಸ್ನಾನ, ಸಂಧ್ಯಾವಂದನೆ, ಒಂದು ಲೋಟ ಚಹಾ. ಬೀಗ ತೆಗೆಯುವಾಗ ಏಳೂಕಾಲು.

ವಾರ ಕಳೆಯುವುದರೊಳಗೆ ರಮಣಮ್ಮ ಬಾಗಿಲಲ್ಲಿದ್ದರು. "ರಾವುಗಾರು, ಅಂಬಕ್ಕ ಇದ್ದಾಗ ಟ್ರೈನು ಓಡಿ ಹಿಡೀತಿದ್ದೆ. ಈಗ ಟ್ರೈನೇ ವೆಳ್ಳಿಪೋತುಂದಿ, ಹೋಗೇ ಬಿಡುತ್ತಂಡಿ! ಬೀಗದ ಕೈ ನನಗೆ ಕೊಡಿ."

"ಕೊಡೋಣ," ಎಂದೆ. "ಆದರೆ ನಿಮಗೆಲ್ಲ ಇನ್ನೂ ಶಿಸ್ತು ಬಂದಿಲ್ಲ. ಆರು ತಿಂಗಳು ನೋಡೋಣ."

ಆಕೆ ಪುಳಿಹೋರದ ಖಾಲಿ ಡಬ್ಬಿಯನ್ನು ಕೇಳಿ ತೆಗೆದುಕೊಂಡು ಹೋದರು. ನಾನು ಒಳಗೆ ಬಂದು ಉಪನ್ಯಾಸದಲ್ಲಿ ಫಿಲಿಪ್ಪೀನ್ಸಿನ ಭಾಗ ಬರೆಯಲು ಕೂತೆ. ಭಾಳ ಚೆನ್ನಾಗಿ ಬಂತು!

ನೂಲಹುಣ್ಣಿಮೆ ಬಂತು. ಆ ದಿನ ರಮಣಮ್ಮನ ಶಾಲೆಗೆ ಇನ್‌ಸ್ಪೆಕ್ಷನ್. ಇವತ್ತು ತಡವಾದರೆ ನಾಳೆಯಿಂದ ಬರುವುದೇ ಬೇಡ ಎಂದು ಅವರ ಹೆಡ್‌ಮಾಸ್ಟರು ಹೇಳಿದ್ದರು. ಆರು ಗಂಟೆಗೇ ಬೀಗ ತೆಗೆಯುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಮಾತಿಗೆ ತಪ್ಪುವವನಲ್ಲ. ಐದಕ್ಕೇ ಎದ್ದೆ. ಬೀಗ ತೆಗೆದೆ, ನೀರು ಸೇದಿದೆ, ರೂಢಿಯಂತೆ ಮತ್ತೆ ಬೀಗ ಹಾಕಿದೆ. ಸ್ನಾನ ಮಾಡಿ, ಮಂತ್ರ ಹೇಳಿ ಹೊಸ ಜನಿವಾರ ಧರಿಸಿದೆ. ಹಳೆಯದನ್ನು ತೆಗೆದೆ. ತೆಗೆದ ಜನಿವಾರವನ್ನು ಹರಿಯುವ ನೀರಿಗೆ ಬಿಡಬೇಕು. ಮಲ್ಕಾಜ್‌ಗಿರಿಯಲ್ಲಿ ಹರಿಯುವ ನೀರು ಗಟಾರದಲ್ಲಿ ಮಾತ್ರ. ಆದ್ದರಿಂದ ಕಣ್ಣು ಮುಚ್ಚಿ, ಸಮುದ್ರವನ್ನು ನೆನೆದು, ಜಾಳಿಗೆಯ ಕಿಂಡಿಯೊಳಗಿಂದ ಅದನ್ನು ಬಾವಿಗೆ ಬಿಟ್ಟೆ.

ಬುಳುಕ್!

ನೂಲಿಗೆ ಅಷ್ಟು ಸದ್ದು ಇರಬಾರದಿತ್ತಲ್ಲ?

ಎದೆ ಮುಟ್ಟಿಕೊಂಡೆ. ಹೊಸ ಜನಿವಾರ ಬೆಳ್ಳಗೆ, ಹಗುರವಾಗಿ, ಏನೂ ಇಲ್ಲದೆ ಇತ್ತು. ಬಾವಿಗೆ ಬೀಗ, ಬೀಗದ ಕೈ ಬಾವಿಯಲ್ಲಿ!

"ರಾವುಗಾರು, ಆರು ಆಯ್ತು," ಎಂದು ರಮಣಮ್ಮ ಬಕೆಟ್ಟು ಹಿಡಿದು ಬಂದರು. ಹಿಂದೆಯೇ ಅಂಬಕ್ಕ, ಹಬ್ಬದ ಅಡಿಗೆಗೆ ನೀರಿಲ್ಲವೆಂದು. ನಾನು ಒದ್ದೆ ಪಂಚೆಯಲ್ಲಿ ನನ್ನದೇ ಹಲಗೆಯ ಪಕ್ಕ ನಿಂತಿದ್ದೆ. ಎರಡು ಗೆರೆ ಎಳೆದ ನಿಯಮ ನನ್ನನ್ನೇ ನೋಡುತ್ತಿತ್ತು.

"ಸಣ್ಣದೊಂದು ಆಡಳಿತಾತ್ಮಕ ತೊಂದರೆ," ಎಂದು ಶುರು ಮಾಡಿದೆ.

ಸುಶೀಲಾ ನನ್ನ ಎದೆ ನೋಡಿದಳು, ಬಾವಿ ನೋಡಿದಳು. "ಒಗದ್ರಿ?" ಎಂದಳು. ಅಷ್ಟೇ.

ರಮಣಮ್ಮ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಬಕೆಟ್ಟು ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಬಾವಿಗೆ ಹಾರಿಬಿಡೋಣ ಅನ್ನಿಸಿತು. ಅದಕ್ಕೂ ಮುಚ್ಚಳ ಅಡ್ಡ!

ಆಗ ಅಂಬಕ್ಕ ಗುಡುಗಿದಳು: "ಏನ್ರಿ, ಹಾರಿ ತರ್ರಿ!" ಗುಂಡೂರಾಯರು ಕಬ್ಬಿಣದ ಹಾರೆ ತಂದರು. ಎರಡು ತಿಂಗಳ ಹಿಂದೆ ರಮಣಮ್ಮನ ನೆರಳು ಹಗ್ಗದ ಮೇಲೆ ಬಿದ್ದರೂ ಕೂಗುತ್ತಿದ್ದ ಅಂಬಕ್ಕ, ಮಡಿಸೀರೆಯಲ್ಲೇ ಮಂಡಿಯೂರಿ ಹಾರೆಯನ್ನು ಬೀಗದೊಳಗೆ ತೂರಿಸಿ ಹಿಡಿದಳು. ರಮಣಮ್ಮ ಅದರ ಮೇಲೆ ಒರಳುಗುಂಡು ಎತ್ತಿ ಬಡಿದರು. ಮೂರನೆಯ ಏಟಿಗೆ ಬೀಗ ಬಿಚ್ಚಿತು. ಪ್ರತಿ ಏಟಿಗೂ ಇಬ್ಬರೂ ನನ್ನ ಕಡೆ ನೋಡುತ್ತಿದ್ದರು.

"ಮಡಿ ಆಮ್ಯಾಲೆ ನೋಡೂಣು," ಎಂದಳು ಅಂಬಕ್ಕ. "ನೀ ಮೊದಲ ಸೇದ್ಕೋ ರಮಣಮ್ಮ, ನಿನ್ನ ಗಾಡಿ ಹೋಗ್ತದ."

ರಮಣಮ್ಮನಿಗೆ ಆ ದಿನ ಟ್ರೈನು ಸಿಕ್ಕಿತು. ಕೆಲಸವೂ ಉಳಿಯಿತು. ನನಗೆ ಉಳಿದದ್ದು ಉಪನ್ಯಾಸ.

ಬರಬೇಡಿ ಎಂದರೂ ಮೂರು ಮನೆಯವರೂ ನಾಂಪಲ್ಲಿಗೆ ಬಂದು ಮುಂದಿನ ಸಾಲಿನಲ್ಲೇ ಕೂತರು. ಬರೆದದ್ದನ್ನು ಬದಲಿಸಲು ಹೊತ್ತಿರಲಿಲ್ಲ. ಓದಿದೆ. "ಬಿಡಿಸಲು ಬಂದವರೇ ಯಜಮಾನರಾದರು!" ಎಂದೆ. ಅಂಬಕ್ಕ ಸೆರಗು ಬಾಯಿಗಿಟ್ಟುಕೊಂಡಳು. "ನಿಮಗಿನ್ನೂ ಶಿಸ್ತು ಬಂದಿಲ್ಲ ಎಂದರು!" ಎಂದೆ. ರಮಣಮ್ಮ ಬಿದ್ದು ಬಿದ್ದು ನಕ್ಕರು. "ನಾಚಿಕೆ ಇಲ್ಲದ ಈ ಜನ..." ಎನ್ನುವ ಹೊತ್ತಿಗೆ ಗುಂಡೂರಾಯರು ಚಪ್ಪಾಳೆ ತಟ್ಟುತ್ತಿದ್ದರು. ಇಂಥ ಹಾಸ್ಯಭರಿತ ಇತಿಹಾಸವನ್ನು ತಾವು ಕೇಳಿಯೇ ಇಲ್ಲವೆಂದು ಅಧ್ಯಕ್ಷರು ಹಾರ ಹಾಕಿದರು. ನಾನು ತಲೆ ತಗ್ಗಿಸಿ ಹಾಕಿಸಿಕೊಂಡೆ. ತಲೆ ಆಗಲೇ ತಗ್ಗಿಯೇ ಇತ್ತು.

ಮರುದಿನ ಇನ್ನೊಂದು ರಾಟೆ, ಇನ್ನೊಂದು ಹಗ್ಗ ತಂದೆ. ನನ್ನ ನಿಯಮಗಳ ಹಲಗೆಯ ಮೇಲೆ ಅಂಬಕ್ಕ ಈಗ ಹಪ್ಪಳ ಲಟ್ಟಿಸುತ್ತಾಳೆ. ನನ್ನ ಸರದಿ ಎಲ್ಲರಿಗಿಂತ ಕೊನೆಗೆ.

ಆದರೂ ಮಾನ ಉಳಿಸಿಕೊಳ್ಳಲು ಒಂದು ಪ್ರಯತ್ನ ಮಾಡಿದೆ. "ನೋಡು, ಫಿಲಿಪ್ಪೀನ್ಸನ್ನ ಬಿಟ್ಟು ಹೋಗಲಿಕ್ಕೆ ಅಮೆರಿಕಕ್ಕ ಹತ್ತಿರ ಹತ್ತಿರ ಐವತ್ತು ವರ್ಷ ಬೇಕಾತು," ಎಂದೆ ಸುಶೀಲಾಗೆ. "ನಾನು ಎರಡು ತಿಂಗಳಾಗೂದ್ರಾಗ ಬಿಟ್ಟೆ!"

ಆಕೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅವ್ರು ಜನಿವಾರ ಹಾಕ್ಕೋತಿರಲಿಲ್ಲಲ್ರಿ," ಎಂದಳು. "ಅದಕ್ಕ ಅಷ್ಟು ತಡ ಆತು."