ಘಾಟಿನಲ್ಲಿ ಇಳಿದು ನಡೆಯುವ ವಿಚಾರ

ಕಾಣದ್ದನ್ನು ಕಂಡವರಂತೆ ಹೇಳುವುದೇ ಮಾಸ್ತರಿಕೆಯಾದರೆ, ಆ ವಿದ್ಯೆಯಲ್ಲಿ ನಾನು ಚೆನ್ನಾಗಿ ಪಳಗಿದವನು. ಬಯಲುಸೀಮೆಯ ಇಂಡಿ ಊರಿನ ಶಾಲೆಯಲ್ಲಿ ಹನ್ನೆರಡು ವರ್ಷ ಸಹ್ಯಾದ್ರಿಯ ಎತ್ತರ, ಹಿಮಾಲಯದ ಚಳಿ ಎಲ್ಲವನ್ನೂ ಪಾಠ ಮಾಡಿದ್ದೆ. ಕಣ್ಣಾರೆ ಕಂಡ ಅತಿ ಎತ್ತರದ ವಸ್ತು ಮಾತ್ರ ಹೊರ್ತಿ ಊರಿನ ನಮ್ಮ ಮಾವನ ಕಣದಲ್ಲಿ ಒಟ್ಟಿದ ಜೋಳದ ಕಣಿಕೆಯ ಬಣವಿ. ಸಾಯುವುದರೊಳಗೆ ಒಂದು ಖರೇ ಗುಡ್ಡ ನೋಡಬೇಕೆಂಬ ಆಸೆ ಯಾರಿಗೂ ಹೇಳದೆ ಒಳಗೇ ಇತ್ತು.

ಎಪ್ಪತ್ತರ ದಶಕದ ಆರಂಭದ ಒಂದು ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ರೈಲ್ವೆ ವೇಳಾಪಟ್ಟಿ ತಂದು ವಾರಗಟ್ಟಲೆ ಪಾರಾಯಣ ಮಾಡಿದೆ. ಇಂಡಿಯಿಂದ ಸೊಲ್ಲಾಪುರ, ಅಲ್ಲಿ ಗಾಡಿ ಬದಲಿಸಿ ನೇರಳ, ನೇರಳದಿಂದ ಗುಡ್ಡ ಹತ್ತುವ ಪುಟ್ಟ ರೈಲಿನಲ್ಲಿ ಮಾಥೇರಾನ. ಮೂರನೇ ಕ್ಲಾಸು, ಉಳಿಯಲು ಧರ್ಮಶಾಲೆ, ಊಟಕ್ಕೆ ಮನೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಗುಡ್ಡವೇ ನಮ್ಮ ಮನೆಗೆ ಬಂದರೂ ಇಷ್ಟು ಅಗ್ಗವಾಗುತ್ತಿರಲಿಲ್ಲ. ಹೆಂಡತಿ ಒಂದೇ ಷರತ್ತು ಹಾಕಿದಳು: "ಅತ್ತಿಯವರನ್ನ ಬಿಟ್ಟು ನಾ ಬರೂದಿಲ್ಲ ನೋಡ್ರಿ."

ಅಂಥದೇ ಬಯಲಿನ ಗೊಳಸಂಗಿಯಲ್ಲಿ ಹುಟ್ಟಿ ಬೆಳೆದ ಅವ್ವ ಕೇಳಿದ ಕೂಡಲೇ ಒಪ್ಪಿದಳು. ಆದರೆ ಮರುದಿನದಿಂದ ಮೊಣಕಾಲು ಹಿಡಿದುಕೊಂಡು ಬೆಳಿಗ್ಗೆ ಸ್ಟೇಶನ್ ರಸ್ತೆಯಲ್ಲಿ ನಡೆಯತೊಡಗಿದಳು. ನಾನು ಕಟ್ಟಿಟ್ಟ ಗಂಟಿನಿಂದ ಒಂದೊಂದೇ ಸಾಮಾನು ತೆಗೆದಿಡುತ್ತಿದ್ದಳು. ಕೇಳಿದರೆ, "ಗಾಡಿ ಗುಡ್ಡ ಹತ್ತೂಮುಂದ ಇಳದು ನಡೀಬೇಕಲ್ಲೊ ತಮ್ಮಾ. ರೂಢಿ ಇರ್ಲಿ" ಎಂದಳು.

ಏರು ಬಂದರೆ ಚಕ್ಕಡಿಯಿಂದ ಇಳಿದು ಎತ್ತುಗಳ ಭಾರ ಕಡಿಮೆ ಮಾಡುವುದು ನಮ್ಮ ಕಡೆಯ ಪದ್ಧತಿ. ನಾನು ನಕ್ಕುಬಿಟ್ಟೆ. ಎಂಜಿನ್ನಿಗೆ ಜೀವವಿಲ್ಲ, ಅದಕ್ಕೆ ದಣಿವಿಲ್ಲ ಎಂದು ಅರ್ಧ ತಾಸು ಪಾಠ ಹೇಳಿದೆ. ಅವ್ವ ಪೂರ್ತಿ ಕೇಳಿ, "ಜೀವ ಇಲ್ಲದ್ದು ಹೆಂಗ ತೇಕತೈತಿ? ಕುಂತ ಹತ್ತಿಸೂದಾದ್ರ ನಾ ಬರೂದಿಲ್ಲ" ಎಂದಳು. ಅವ್ವ ಇಲ್ಲದೆ ಹೆಂಡತಿ ಇಲ್ಲ, ಹೆಂಡತಿ ಇಲ್ಲದೆ ರೊಟ್ಟಿ ಇಲ್ಲ. ಈ ಜನ್ಮಕ್ಕೆ ನನಗೆ ಗುಡ್ಡ ಕಾಣುವ ಯೋಗವಿಲ್ಲ ಎಂದು ನಿಜವಾಗಿಯೂ ದಿಗಿಲಾಯಿತು. "ಆಗಲಿ ಬೇ, ಇಳಿಸ್ತೇನಿ" ಎಂದು ಹಸಿ ಸುಳ್ಳು ಹೇಳಿ ಹೊರಡಿಸಿದೆ.

ಸೊಲ್ಲಾಪುರದಿಂದ ಮುಂದಿನ ಘಾಟೆಲ್ಲ ರಾತ್ರಿಯ ಕತ್ತಲಲ್ಲಿ, ನಮ್ಮ ನಿದ್ದೆಯಲ್ಲೇ ಕಳೆದುಹೋಯಿತು. ಬೆಳಿಗ್ಗೆ ನೇರಳ ಬಿಟ್ಟ ಪುಟ್ಟ ರೈಲು ಏರತೊಡಗಿತು. ಒಂದು ಬದಿಯ ಕಿಟಕಿಗೆ ಬಂಡೆ. ಇನ್ನೊಂದು ಬದಿಗೆ ಕೆಳಗೆ, ಬಹಳ ಕೆಳಗೆ, ನಾವು ಹತ್ತಿದ ಸ್ಟೇಶನ್. ಎದುರಿಗೆ ಆಕಾಶ ಇರಬೇಕಾದ ಜಾಗದಲ್ಲೆಲ್ಲ ಗುಡ್ಡವೇ ಇತ್ತು. ನನ್ನ ಹನ್ನೆರಡು ವರ್ಷದ ಭೂಗೋಳದಲ್ಲಿ ಇದು ಎಲ್ಲೂ ಇರಲಿಲ್ಲ. ಎಂಜಿನ್ ತೇಕುತ್ತ, ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಹೋಗುತ್ತಿತ್ತು. ಅವ್ವ ಗಂಟು ಹಿಡಿದು ಎದ್ದಳು. ನಾನು ಬಾಗಿಲಿಗೆ ಅಡ್ಡ ನಿಂತು, "ಬ್ಯಾಡ ಬೇ" ಎಂದು ಕೈಮುಗಿದೆ.

ಆಕೆ ನನ್ನನ್ನು ನೋಡಲೇ ಇಲ್ಲ. ಹೊರಗೆ ನೋಡುತ್ತ ಮೆಲ್ಲಗೆ, "ಇಷ್ಟು ದೊಡ್ಡದು, ಎಷ್ಟು ಸುಮ್ನ ಕುಂತೈತಿ ನೋಡೊ" ಎಂದಳು. ಇಳಿಯುವುದು ಮರೆತೇಹೋಗಿತ್ತು. ಕೂಡ್ರು ಎಂದರೆ ಮಾತ್ರ ಒಪ್ಪಲಿಲ್ಲ. "ಇದರ ಮುಂದ ಕುಂಡ್ರೂದು ಛಲೋ ಕಾಣೂದಿಲ್ಲ" ಎಂದು ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು.

ಸ್ವಲ್ಪ ಹೊತ್ತಾದ ಮೇಲೆ ಹೆಂಡತಿ ನನ್ನ ಕಡೆ ತಿರುಗಿ, "ಅತ್ತಿ ನಿಂತಾರ, ಖರೆ. ನೀವ್ಯಾಕ ನಿಂತೀರಿ?" ಎಂದು ಕೇಳಿದಳು. ರೈಲು ಡಬ್ಬಿಯ ತಗ್ಗು ಚಾವಣಿಗೆ ತಲೆ ಬಡಿದು, ಕುತ್ತಿಗೆ ಬಗ್ಗಿಸಿ ನಿಂತಿದ್ದ ನಾನು, "ಕಾಲು ಜೋಮು ಹಿಡದೈತಿ" ಎಂದೆ. ಮಾಥೇರಾನ ಬರುವವರೆಗೂ ಆ ಜೋಮು ಬಿಡಲಿಲ್ಲ.