ಸೋಡಾ ಬಂಡಿಗೆ ಎತ್ತಿದ ಆರತಿ

ಮೊನ್ನೆ ನಮ್ಮ ಓಣಿಯ ಮಹಿಳಾ ಮಂಡಳಿಯವರು ಒಂದು ಸಭೆ ಕರೆದಿದ್ದರು. ಸ್ವಂತ ಕೆಲಸ ಶುರು ಮಾಡಿದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ತಮ್ಮ ಅನುಭವ ಹೇಳಬೇಕಂತೆ. ಹಪ್ಪಳದ ಸುಭದ್ರಮ್ಮ ಹೇಳಿದರು. ಹೊಲಿಗೆಯ ಖೈರುನ್ನಿಸಾ ಹೇಳಿದರು. ಇಬ್ಬರ ಮಾತಿನಲ್ಲೂ ದೇವರ ದಯೆ, ಮನೆಯವರ ಸಹಕಾರ, ಸತತ ಪರಿಶ್ರಮ ಎಲ್ಲವೂ ಇದ್ದವು. ನನ್ನ ಸರದಿ ಬಂತು. ನನ್ನ ಅನುಭವದಲ್ಲಿ ಇವು ಮೂರೂ ಇರಲಿಲ್ಲ. ಗ್ಯಾಸ್ ಇತ್ತು!

ಆಗ ಆಂಧ್ರ ರಾಜ್ಯ ಹುಟ್ಟಿ, ಕರ್ನೂಲು ಅದರ ರಾಜಧಾನಿಯಾದ ಹೊಸತು. ಜಿಲ್ಲೆಗೆ ಒಳ್ಳೆಯ ಕಾಲ ಬಂತೆಂದು ನಮ್ಮ ಆದವಾನಿಯ ಹತ್ತಿ ಅಂಗಡಿಗಳಲ್ಲಿ, ಕಟ್ಟೆಗಳ ಮೇಲೆ, ಬಾವಿಯ ಹತ್ತಿರ, ಎಲ್ಲಿ ಕೇಳಿದರೂ ಅದೇ ಮಾತು. ಇಡೀ ಜಿಲ್ಲೆ ಮುಂದೆ ಬರುವಾಗ ನಾನೊಬ್ಬಳು ಹಿಂದೆ ಉಳಿಯುವುದು ನ್ಯಾಯವೇ ಎಂದು ಯೋಚಿಸಿದೆ. ಯೋಚಿಸಲು ಬೇಕಾದಷ್ಟು ಹೊತ್ತೂ ಇತ್ತು. ನಮ್ಮ ಯಜಮಾನರು ಹತ್ತಿ ಅಂಗಡಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ, ಮೀಸೆಯ ತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಬರುತ್ತಿದ್ದರು.

ಇನ್ನು ನಮ್ಮೂರ ಬೇಸಿಗೆ. ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು, ಆ ಕಾವನ್ನು ರಾತ್ರಿ ನಮಗೆ ಬಡ್ಡಿ ಸಮೇತ ಹಿಂತಿರುಗಿಸುತ್ತವೆ. ಇಂಥ ಊರಿನಲ್ಲಿ ಗೋಲಿ ಸೋಡಾ ಮಾಡಿ ಮಾರಿದರೆ? ನೀರು ಬಾವಿಯದು. ಬಾಯಾರಿಕೆ ಜನರದು. ನಡುವೆ ಒಂದಿಷ್ಟು ಗ್ಯಾಸ್ ಸೇರಿಸುವುದಷ್ಟೇ ನನ್ನ ಕೆಲಸ. ಇದರಲ್ಲಿ ಕೆಡುವುದಕ್ಕೆ ಏನಿದೆ ಎಂದುಕೊಂಡೆ. ಏನೇನಿದೆ ಎಂಬುದು ಆಮೇಲೆ ಒಂದೊಂದಾಗಿ ತಿಳಿಯಿತು.

ಬಸ್ಸು ನಿಲ್ಲುವ ಕಡೆ ಸೋಡಾ ಮಾಡುತ್ತಿದ್ದ ಮುದುಕನೊಬ್ಬ ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟಿದ್ದ. ಅವನಿಗೆ ಯಂತ್ರ ಬೇಡವಾಗಿತ್ತು, ಎಮ್ಮೆ ಬೇಕಾಗಿತ್ತು. ನನಗೆ ಎಮ್ಮೆ ಬೇಡವಾಗಿತ್ತು, ಯಂತ್ರ ಬೇಕಾಗಿತ್ತು. ಎಮ್ಮೆ ನನ್ನ ತವರಿನವರು ಕೊಟ್ಟದ್ದು, ಆದ್ದರಿಂದ ನನ್ನದೇ. ಮಾತು ಮುಗಿಯಿತು. ಮುದುಕ ಯಂತ್ರವನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿ ಪಾಠ ಹೇಳಿದ. ಸೀಸೆಗೆ ನೀರು ತುಂಬಬೇಕು. ಕಬ್ಬಿಣದ ಗೂಡಿನಲ್ಲಿ ಕೂಡಿಸಬೇಕು. ಗ್ಯಾಸ್ ಬಿಟ್ಟು ಹಿಡಿಕೆ ತಿರುಗಿಸಬೇಕು. ಗೂಡು ತಲೆಕೆಳಗಾದಾಗ ಸೀಸೆಯೊಳಗಿನ ಗೋಲಿ ಬಂದು ಕತ್ತಿನ ರಬ್ಬರಿಗೆ ಅಂಟಿಕೊಳ್ಳುತ್ತದೆ.

"ಇಲ್ಲಿ ನೋಡವ್ವಾ, ಈ ಮುಳ್ಳು ಕೆಂಪು ಗೆರಿ ದಾಟಬಾರದು," ಎಂದು ಗ್ಯಾಸಿನ ಒತ್ತಡ ತೋರಿಸುವ ಬಿಲ್ಲೆಯನ್ನು ಬೆರಳಿನಿಂದ ತಟ್ಟಿದ.

ಎಮ್ಮೆ ಹೋಗುವಾಗ ಒಮ್ಮೆ ಹಿಂತಿರುಗಿ ನನ್ನನ್ನು ನೋಡಿತು. ಅದಕ್ಕೆ ಆಗಲೇ ಎಲ್ಲ ಗೊತ್ತಾಗಿತ್ತೆಂದು ಈಗ ಅನ್ನಿಸುತ್ತದೆ.

ಸಂಜೆ ಯಜಮಾನರು ಬಂದರು. ಕೊಟ್ಟಿಗೆ ನೋಡಿದರು. ಪಡಸಾಲೆ ನೋಡಿದರು. ಮತ್ತೆ ಕೊಟ್ಟಿಗೆ ನೋಡಿದರು.

"ಸರೋಜಾ, ಎಮ್ಮಿ ಎಲ್ಲೈತಿ?"

"ಪಡಸಾಲ್ಯಾಗ ಐತ್ರಿ."

ನಮ್ಮ ಅತ್ತೆ ಕೋಲೂರಿಕೊಂಡು ಯಂತ್ರಕ್ಕೆ ಒಂದು ಪ್ರದಕ್ಷಿಣೆ ಹಾಕಿದರು. "ಇದು ಹಾಲು ಕೊಡತೈತೇನು?"

"ಇಲ್ರಿ ಅತ್ತಿ, ಗ್ಯಾಸ್ ಕೊಡತೈತ್ರಿ."

"ಅದಕ್ಕ ಎಮ್ಮಿ ಯಾಕ ಕೊಟ್ಟೆಬೇ? ಹುರಿಗಡ್ಲಿ ತಿಂದಿದ್ರ ಸಾಕಾಗಿತ್ತಲ್ಲ!"

ಯಜಮಾನರು ನಗಲಿಲ್ಲ. "ನನ್ನ ಚಹಾದ ಹಾಲಿಗೆ ಆಗೋವಷ್ಟಾದ್ರೂ ಇದು ಗಳಿಸದಿದ್ರ ನಿನ್ನ ಅಂಗಡಿ ಮುಚ್ಚಸ್ತೀನಿ," ಎಂದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕರಿ ಚಹಾ. ನನ್ನ ಮರ್ಯಾದೆಯೆಲ್ಲ ಆ ಯಂತ್ರದ ಮೇಲೆ ನಿಂತಿತು.

ಪಾಲುದಾರಳಾಗಿ ಪಕ್ಕದ ಮನೆಯ ನರಸಮ್ಮ ಬಂದಳು. ಹಿಡಿಕೆ ತಿರುಗಿಸಲು ಗಟ್ಟಿ ತೋಳು ಬೇಕಿತ್ತು, ಅವಳದು ಬೀಸುವ ಕಲ್ಲಿನಲ್ಲಿ ಪಳಗಿದ ತೋಳು. ಗೋನೆಗಂಡ್ಲದ ಮಗಳು. ಸಂತೋಷವಾದಾಗ ಕನ್ನಡ ಆಡುತ್ತಾಳೆ, ಹೆದರಿದಾಗ ತೆಲುಗು. ಅವಳ ಬಾಯಿಂದ ಯಾವ ಭಾಷೆ ಬರುತ್ತಿದೆ ಎಂದು ಕೇಳಿಸಿಕೊಂಡರೆ ಸಾಕು, ವ್ಯಾಪಾರ ಹೇಗೆ ನಡೆದಿದೆ ಎಂದು ತಿಳಿಯುತ್ತಿತ್ತು.

'ಶ್ರೀ ಗಂಗಾಭವಾನಿ ಸೋಡಾ ಕಾರ್ಖಾನೆ' ಎಂದು ಹೆಸರಿಟ್ಟೆವು. ರಾಜ್ಯ ಹೊಸದು, ಭಾಷೆಯ ವಿಷಯದಲ್ಲಿ ಯಾರಿಗೂ ಬೇಸರವಾಗಬಾರದೆಂದು ಬೋರ್ಡನ್ನು ಎರಡು ಭಾಷೆಯಲ್ಲಿ ಬರೆಸಬೇಕೆಂದೆ. ಹಲಗೆ ಸಣ್ಣದಿದ್ದುದರಿಂದ ಬರೆಯುವವನು 'ಸೋಡಾ' ಎಂಬುದನ್ನು ಮಾತ್ರ ಮೇಲೆ ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲಿ ಬರೆದ. ಎರಡು ಲಿಪಿಯೂ ಅಕ್ಕತಂಗಿಯರು. ಬಂದವರೆಲ್ಲ ಓದಿ, "ಸೋಡಾ ಸೋಡಾ ಅಂತ ಎರಡು ಸಲ ಯಾಕ ಬರಿಸೀರಿ? ಕುಡಿದ್ರ ಎರಡು ಕುಡೀಬೇಕೇನು?" ಎಂದು ಕೇಳುತ್ತಿದ್ದರು.

ಮೊದಲ ಸೀಸೆಯಲ್ಲಿ ರಬ್ಬರ್ ಹಾಕುವುದನ್ನೇ ಮರೆತಿದ್ದೆವು. ಗ್ಯಾಸೆಲ್ಲ ಅತ್ತೆಯವರ ಮುಖಕ್ಕೆ ಹೋಯಿತು. ಎರಡನೆಯದರಲ್ಲಿ ರಬ್ಬರ್ ಇತ್ತು, ಗೋಲಿ ಎಷ್ಟು ಒತ್ತಿದರೂ ಇಳಿಯಲಿಲ್ಲ. ಕೊನೆಗೆ ಹೇಗೋ ಕೈ ಕುದುರಿತು. ಓಣಿಯವರು ಕನಿಕರದಿಂದ ಕೊಂಡು ಕುಡಿದರು, ತೇಗಿದರು. "ಪರವಾಗಿಲ್ಲ, ಸೋಡಾ ಇದ್ದಂಗೇ ಐತಿ," ಎಂದರು. ಇಷ್ಟು ಹೊಗಳಿಕೆ ಸಾಕಾಯಿತು, ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ಪೆದ್ದಕಡುಬೂರಿನ ಬಸನಗೌಡರು ಬಂದರು. ಯಜಮಾನರ ಅಂಗಡಿಗೆ ಹತ್ತಿ ತರುವವರು. ಮಗಳ ಮದುವೆ ಗೊತ್ತಾಗಿತ್ತು, ಬೀಗರು ಹಾಲಹರವಿಯವರು. "ಬೀಗರು ಬಿಸಿಲಾಗ ಬರತಾರ. ಬಂದ ತಕ್ಷಣ ಕೈಗೆ ಸೋಡಾ ಕೊಟ್ರ ನಮ್ಮೂರ ಮಾನ ಉಳೀತೈತಿ. ಒಂದು ಬಂಡಿ ತುಂಬ ತರ್ರವ್ವಾ," ಎಂದರು.

ಒಂದು ಬಂಡಿ ತುಂಬ! ನರಸಮ್ಮ ಅಚ್ಚ ಕನ್ನಡದಲ್ಲಿ ಕುಣಿದಾಡಿದಳು.

ನಾವು ಹಗಲೆಲ್ಲ ಹಿಡಿಕೆ ತಿರುಗಿಸಿದೆವು. ಇಲ್ಲಿ ನನ್ನ ಬುದ್ಧಿ ಕೆಲಸ ಮಾಡಿತು. ನನ್ನ ಬುದ್ಧಿ ಕೆಲಸ ಮಾಡಿದಾಗಲೆಲ್ಲ ನಮ್ಮ ಮನೆಗೆ ಏನಾದರೂ ಆಗುತ್ತದೆ. ಮದುವೆಯ ಮನೆ, ನೀಡುವ ಕೈ ಹಿಂದೆ ತೆಗೆಯಬಾರದು. ಎಲ್ಲರೂ ತುಪ್ಪ ಹೆಚ್ಚು ಬಡಿಸುತ್ತಾರೆ, ನಾನು ಗ್ಯಾಸ್ ಹೆಚ್ಚು ಬಡಿಸಿದರೆ ತಪ್ಪೇನು?

"ಮುಳ್ಳು ಗೆರಿ ದಾಟೈತಲ್ಲಕ್ಕಾ," ಎಂದಳು ನರಸಮ್ಮ.

"ದಾಟಲಿ ಬಿಡು. ಬೀಗರು ಇನ್ನೂ ದೂರದಿಂದ ಬರತಾರ!"

ಕೋಳಿ ಕೂಗುವ ಹೊತ್ತಿಗೆ ಈರಣ್ಣನ ಬಂಡಿಯಲ್ಲಿ ಹುಲ್ಲು ಹಾಸಿ, ಸೀಸೆ ಜೋಡಿಸಿ, ಮೇಲೆ ಹಸಿ ಗೋಣಿಚೀಲಗಳನ್ನು ದಪ್ಪನಾಗಿ ಹೊದಿಸಿ ಹೊರಟೆವು. ನಾವಿಬ್ಬರೂ ಮುಂದೆ, ಈರಣ್ಣನ ಬೆನ್ನ ಹಿಂದೆ ಕೂತೆವು. ಹೊಸ ಸೀರೆ, ತಲೆ ತುಂಬ ಮಲ್ಲಿಗೆ. ದಾರಿಯುದ್ದಕ್ಕೂ ಈರಣ್ಣ ತನ್ನ ಎತ್ತುಗಳ ಗುಣಗಾನ ಮಾಡಿದ. "ಇವು ಬಸವಣ್ಣನ ಅಂಶ ಅಕ್ಕಾರೇ. ತೆಲಿ ಮ್ಯಾಲೆ ಸಿಡಿಲು ಬಿದ್ರೂ ಹೆಜ್ಜಿ ತಪ್ಪಂಗಿಲ್ಲ."

ಹೊತ್ತು ಏರಿತು. ಗೋಣಿಚೀಲ ಒಣಗಿತು. ಎರೆಹೊಲದ ದಾರಿ, ಕೊರಕಲಿನಲ್ಲಿ ಇಳಿದು ಕೊರಕಲಿನಲ್ಲಿ ಏಳುವ ಬಂಡಿ. ಪೆದ್ದಕಡುಬೂರಿನ ಬೇವಿನ ಮರಗಳು ಕಾಣಿಸಿದವು. ನಾನು ಸೆರಗು ಸರಿಮಾಡಿಕೊಂಡೆ.

ಢಂ!

"ಏನದು?" ಎಂದ ಈರಣ್ಣ.

"ಓರಿ ದೇವುಡಾ!" ಎಂದಳು ನರಸಮ್ಮ.

ತೆಲುಗು! ಗೋಣಿಯ ಅಡಿಯಲ್ಲಿ ಇನ್ನೊಂದು ಢಂ. ಅದರ ಪಕ್ಕದ್ದಕ್ಕೆ ತಾನೇನು ಕಡಿಮೆ ಎನಿಸಿತೋ, ಅದೂ ಢಂ! ಗಾಜು ಗೋಣಿಯೊಳಗೇ ಉಳಿಯಿತು, ನೀರು ಮಾತ್ರ ಸಂದುಗಳಿಂದ ಕಾರಂಜಿಯಂತೆ ನಮ್ಮ ಬೆನ್ನಿಗೆ ಹೊಡೆಯಿತು. ಬಸವಣ್ಣನ ಅಂಶಗಳು ಬಾಲ ಎತ್ತಿ ಓಟ ಕಿತ್ತವು. ಬಂಡಿ ಕುಲುಕಿದಷ್ಟೂ ಸೋಡಾ ಸಿಡಿಯಿತು, ಸೋಡಾ ಸಿಡಿದಷ್ಟೂ ಎತ್ತು ಓಡಿದವು. ಈರಣ್ಣ ಹಗ್ಗ ಬಿಟ್ಟು ನೊಗ ಹಿಡಿದುಕೊಂಡ. ನಾನು ಈರಣ್ಣನನ್ನು ಹಿಡಿದುಕೊಂಡೆ. ನರಸಮ್ಮ ನನ್ನ ಜಡೆ ಹಿಡಿದುಕೊಂಡಳು.

ಊರಬಾಗಿಲಲ್ಲಿ ಹೆಣ್ಣಿನ ಕಡೆಯವರು ಬೀಗರನ್ನು ಎದುರುಗೊಳ್ಳಲು ನಿಂತಿದ್ದರು. ಅವರಿಗೆ ಮೊದಲು ಢಂ ಢಂ ಕೇಳಿಸಿತು. ಆಮೇಲೆ ಧೂಳು ಕಾಣಿಸಿತು.

"ಬಂದ್ರು, ಬಂದ್ರು! ಬೀಗರು ಪಟಾಕಿ ಹಾರಿಸ್ಕೋತ ಬರಾಕತ್ಯಾರ!"

ಸನಾಯಿ ಶುರುವಾಯಿತು. ಹಲಗೆಯವರು ಜೀವ ಬಿಟ್ಟು ಬಾರಿಸಿದರು. ಎದುರಿಗೆ ಅಷ್ಟು ಜನ ನೋಡಿ ಎತ್ತುಗಳು ಗಕ್ಕನೆ ನಿಂತವು. ಒದ್ದೆ ಮುದ್ದೆಯಾಗಿದ್ದ ನಾವಿಬ್ಬರೂ ಉಸಿರು ಎಳೆದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಮುತ್ತೈದೆಯರು ಸುತ್ತುವರಿದು ಆರತಿ ಎತ್ತಿಬಿಟ್ಟರು! ಆರತಿಯ ಕೆಂಪು ನೀರನ್ನು ಎತ್ತುಗಳ ಕಾಲಿಗೆ ಚೆಲ್ಲಿದರು. ವರನಿಗೆಂದು ತಂದ ಹಾರ ಯಾರದೋ ಕೈಯಿಂದ ಈರಣ್ಣನ ಕೊರಳಿಗೆ ಬಿತ್ತು. ಒಬ್ಬ ಅಜ್ಜಿ ನರಸಮ್ಮನ ಗಲ್ಲ ಸವರಿ ಲಟಿಕೆ ಮುರಿದಳು. "ವರನ ತಾಯಿ ಎಷ್ಟು ಎಳೇಕಿ ಅದಾಳಬೇ!"

"ನೇನು ಕಾದಮ್ಮಾ, ನೇನು ಕಾದು!" ನಾನಲ್ಲ, ನಾನಲ್ಲ ಎಂದು ನರಸಮ್ಮ ಬಡಿದುಕೊಂಡಳು. ಹಲಗೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಬಸನಗೌಡರು ಕೈ ಮುಗಿದು, ನಗುನಗುತ್ತ ಮುಂದೆ ಬಂದರು. ನನ್ನ ಮುಖ ಅವರಿಗೆ ಗುರುತು ಸಿಗಲಿಲ್ಲ. ಸಿಗುವ ಹಾಗೂ ಇರಲಿಲ್ಲ, ಕುಂಕುಮವೆಲ್ಲ ಇಳಿದು ಗಲ್ಲಕ್ಕೆ ಬಂದಿತ್ತು. "ವರ ಎಲ್ಲಿ ಅದಾನ್ರಿ? ಒಳಗ ಮಲಗ್ಯಾನೇನು?" ಎನ್ನುತ್ತ ಗೋಣಿಯ ತುದಿ ಎತ್ತಿದರು.

ಢಂ!

ಗೌಡರ ರುಮಾಲು ಹಾರಿ ಹಲಗೆಯ ಮೇಲೆ ಬಿತ್ತು. ಸನಾಯಿ ನಿಂತಿತು. ಆ ಮೌನದಲ್ಲಿ ನಾನು ಮೆಲ್ಲಗೆ, "ಗೌಡ್ರ, ಸೋಡಾ ತಂದೀನ್ರಿ," ಎಂದೆ.

ಅದೇ ಗಳಿಗೆಗೆ ಹಿಂದಿನಿಂದ, ಒಂದು ಪಟಾಕಿಯೂ ಇಲ್ಲದೆ, ಹಾಲಹರವಿಯ ನಿಜವಾದ ಬೀಗರು ಬಂದು ನಿಂತರು.

ಅವರು ಕಂಡದ್ದು ಇಷ್ಟು. ಆರತಿ ತಟ್ಟೆ ಖಾಲಿ. ಹಲಗೆಯವರ ಕೈ ಸೋತಿದೆ. ಹಾರ ಬಂಡಿ ಹೊಡೆಯುವವನ ಕೊರಳಲ್ಲಿದೆ. ಗೌಡರ ತಲೆ ಬರಿದಾಗಿದೆ. ವರನ ಸೋದರಮಾವ ರುದ್ರಪ್ಪ, ಭಾರಿ ಮೀಸೆಯ ಭಾರಿ ಆಳು, ಬಂಡಿಯಿಂದ ಇಳಿದು ವಿಷಯ ವಿಚಾರಿಸಿದ. ಯಾರೋ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

"ನಮಗಿಂತ ಮೊದಲ ಸೋಡಾಕ್ಕ ಆರತಿ ಎತ್ತಿದ್ರೇನು?" ರುದ್ರಪ್ಪನ ಮೀಸೆ ನಡುಗಿತು. "ಹಂಗಾದ್ರ ಹುಡುಗೀನ್ನೂ ಸೋಡಾಕ್ಕ ಕೊಡ್ರಿ! ಏಯ್, ಬಂಡಿ ತಿರುಗಿಸ್ರೋ ಹಾಲಹರವಿಗೆ!"

ಗೌಡರ ಮುಖ ಬಿಳಿಚಿತು. ಗುಂಪಿನ ಹಿಂದೆ ಹೆಣ್ಣಿನ ತಾಯಿ ಅಳುವುದು ಕೇಳಿಸಿತು. ವ್ಯಾಪಾರ ಕೆಟ್ಟರೆ ಇನ್ನೊಂದು ಮಾಡಬಹುದು, ಮದುವೆ ಕೆಡಿಸಿದವಳೆಂಬ ಹೆಸರು ಯಾವ ಬಾವಿಯ ನೀರಿನಿಂದ ತೊಳೆದರೂ ಹೋಗುವುದಿಲ್ಲ. ಏನು ಮಾಡಬೇಕೆಂದು ತೋಚದೆ, ನನ್ನ ಬಳಿ ಇದ್ದ ಒಂದೇ ವಸ್ತುವನ್ನು, ಸಿಡಿಯದೆ ಉಳಿದಿದ್ದ ಒಂದು ಸೀಸೆಯನ್ನು ಎತ್ತಿಕೊಂಡು ರುದ್ರಪ್ಪನ ಮುಂದೆ ನಿಂತೆ.

"ಅಣ್ಣಾರೇ, ತಪ್ಪು ನಂದೈತ್ರಿ. ಗೌಡ್ರದಲ್ಲ. ಬಿಸಿಲಾಗ ಬಂದೀರಿ, ಬೈಯೋದಿದ್ರ ಗಂಟಲು ತಂಪು ಮಾಡ್ಕೊಂಡು ಬೈರಿ."

ರುದ್ರಪ್ಪ ನನ್ನನ್ನೂ ಸೀಸೆಯನ್ನೂ ನೋಡಿದ. ಬಾಯಾರಿಕೆ ಸಿಟ್ಟಿಗಿಂತ ದೊಡ್ಡದು. ಸೀಸೆ ಕಸಿದುಕೊಂಡ.

"ಹುಷಾರ್ರಿ ಅಣ್ಣಾರೇ, ಮೆಲ್ಲಕ..."

"ನನಗ ಹೇಳಬ್ಯಾಡ. ನಾನು ಬಳ್ಳಾರ್ಯಾಗ ಸೋಡಾ ಕುಡಿದಾಂವ!" ಎಂದು ಹೆಬ್ಬೆರಳಿನಿಂದ ಗೋಲಿ ಒತ್ತಿದ.

ನನ್ನ ಔದಾರ್ಯವೆಲ್ಲ ಒಮ್ಮೆಗೇ ಹೊರಗೆ ಬಂತು. ಅರ್ಧ ಸೀಸೆ ಅವನ ಮೀಸೆಗೆ ಹೊಡೆಯಿತು. ಮೇಲಕ್ಕೆ ತಿರುವಿದ್ದ ಮೀಸೆ ಗಲ್ಲದ ಕೆಳಗೆ ಇಳಿಬಿತ್ತು. ರುದ್ರಪ್ಪ ಛಲ ಬಿಡದೆ ಉಳಿದದ್ದನ್ನು ಗಟಗಟ ಕುಡಿದ. ಸೀಸೆ ಇಳಿಸಿದ. ಬೈಯಲು ಬಾಯಿ ತೆರೆದ.

ಬೈಗುಳ ಬರಲಿಲ್ಲ. ತೇಗು ಬಂತು.

ಅಂಥ ತೇಗನ್ನು ನಾನು ಹಿಂದೆಯೂ ಕೇಳಿಲ್ಲ, ಮುಂದೆಯೂ ಕೇಳಲಾರೆ. ಹೊಕ್ಕುಳಿನಿಂದ ಹೊರಟು, ದಾರಿಯಲ್ಲಿ ಬಂಧುಬಳಗವನ್ನೆಲ್ಲ ಸೇರಿಸಿಕೊಂಡು ಬಂದ ತೇಗು! ಬೇವಿನ ಮರದ ಕಾಗೆಗಳು ಎದ್ದುಹೋದವು. ಈರಣ್ಣನ ಎತ್ತುಗಳು ಮತ್ತೆ ಬಾಲ ಎತ್ತಿದವು. ಬಾಸಿಂಗದ ಹಿಂದಿನಿಂದ ಮೊದಲು ವರನೇ ಕಿಸಕ್ಕೆಂದ. ಆಮೇಲೆ ಅಳುತ್ತಿದ್ದ ಹೆಣ್ಣಿನ ತಾಯಿ ನಕ್ಕಳು, ಗೌಡರು ನಕ್ಕರು, ಊರೇ ನಕ್ಕಿತು. ರುದ್ರಪ್ಪ ಸ್ವಲ್ಪ ಹೊತ್ತು ತಡೆದುಕೊಂಡ. ಎರಡನೆಯ ತೇಗು ಬಂದಾಗ ಅವನಿಂದಲೂ ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತ, "ಸಿಟ್ಟೆಲ್ಲಾ ಹೊರಗ ಹೋತು ನೋಡಬೇ ತಂಗಿ. ಇನ್ನೊಂದು ಐತೇನು?" ಎಂದ.

ಉಳಿದಿದ್ದ ನಾಲ್ಕಾರು ಸೀಸೆಗಳಿಗೆ ಬೀಗರಲ್ಲಿ ಪೈಪೋಟಿ ನಡೆಯಿತು. ಹೊಸದಾಗಿ ಆರತಿ ಕಲಸಿದರು. ಈರಣ್ಣನ ಕೊರಳಿನ ಹಾರ ತೆಗೆದು ವರನಿಗೆ ಹಾಕಿದರು. ಮದುವೆ ಸಾಂಗವಾಗಿ ನಡೆಯಿತು. ಊಟಕ್ಕೆ ಕೂತಾಗ ನರಸಮ್ಮ, "ಹೋಳಿಗಿ ಭಾಳ ಚಲೋ ಆಗ್ಯಾವಲ್ಲಕ್ಕಾ," ಎಂದು ಕನ್ನಡಕ್ಕೆ ಮರಳಿದಾಗ ನನ್ನ ಜೀವಕ್ಕೂ ಸಮಾಧಾನವಾಯಿತು.

ಮನೆಗೆ ಬಂದ ಮೇಲೆ ನಾವಿಬ್ಬರೂ ಪಟ್ಟು ಹಿಡಿದು ಕೆಲಸ ಕಲಿತೆವು. ಎಷ್ಟು ಗ್ಯಾಸ್, ಎಷ್ಟು ಸುತ್ತು, ಸೀಸೆಗೆ ಎಂಥ ನೆರಳು, ಎಲ್ಲ ಕರಗತವಾಯಿತು. ಕಲ್ಲಿನ ಮೇಲೆ ಕುಕ್ಕಿದರೂ ನಮ್ಮ ಸೋಡಾ ಮಿಸುಕುತ್ತಿರಲಿಲ್ಲ. ಆಗ ಒಂದು ದಿನ ಹಾಲಹರವಿಯ ಕಡೆಯಿಂದ ಇಬ್ಬರು ಹಿರಿಯರು ನಮ್ಮ ಮನೆ ಹುಡುಕಿಕೊಂಡು ಬಂದರು.

"ಮದುವಿ ಐತ್ರವ್ವಾ. ಒಂದು ಬಂಡಿ ಸೋಡಾ ಬೇಕು."

ನಾನು ಹೆಮ್ಮೆಯಿಂದ, "ಚಿಂತಿ ಬ್ಯಾಡ್ರಿ. ಈಗ ನಮ್ಮ ಸೋಡಾ ಒಂದೂ ಸಿಡಿಯಂಗಿಲ್ಲ," ಎಂದೆ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಒಂದೂ?"

"ಒಂದೂ ಇಲ್ರಿ!"

"ಛೇ, ಛೇ! ಅಂಥಾ ಚಲೋ ಸೋಡಾ ಕೆಡಿಸಿಬಿಟ್ಟಿರಲ್ಲವ್ವಾ! ನಾವು ಕುಡಿಯಾಕ ಕೇಳಿದ್ದಲ್ಲ. ಮೆರವಣಿಗಿಗೆ ಕೇಳಿದ್ವಿ," ಎಂದು ಎದ್ದು, ಪಟಾಕಿ ಅಂಗಡಿಯ ದಾರಿ ಕೇಳಿಕೊಂಡು ಹೋದರು.

ಸೋಡಾ ಮಾಡಲು ಬರದಿದ್ದಾಗ ನನಗೆ ಆರತಿ ಎತ್ತಿದ್ದರು. ಕಲಿತ ಮೇಲೆ ಒಬ್ಬರೂ ಎತ್ತಲಿಲ್ಲ!