ಬಾಲವಿದ್ದ ಕಡತ

"ಇವತ್ತು ಈ ಕಂಪ್ಯೂಟರಿನ ಹೊಟ್ಟ್ಯಾಗ ಏನೇನದ, ಎಲ್ಲಾ ಎಳದು ದೊಡ್ಡದು, ಸಣ್ಣದು ಅಂತ ಸಾಲಾಗಿ ನಿಂದರಸ್ತೀನಿ!"

2002ರ ಒಂದು ರವಿವಾರ ಬಸವಕಲ್ಯಾಣದ ಹಿಂದಿ ಮಾಸ್ತರ ಸಂಜೀವಕುಮಾರ ಹೀಗೆ ಘೋಷಿಸಿದಾಗ ಹೆಂಡತಿ ಅನುರಾಧಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ಚಂದಾಗಿ ನಡದದಲ್ರಿ, ಯಾಕ ಕೆದರಾಕತ್ತೀರಿ?"

"ನಿಧಾನ ಆಗ್ಯದ. ಕಸ ತೆಗೀಬೇಕು. ಮೌಸ್ ಅಂದ್ರ ಇಲಿ. ಇಲಿ ಹಿಡಿಯೋರು ಬ್ಯಾರೆ, ಹುಲಿ ಹೊಡಿಯೋರು ಬ್ಯಾರೆ!"

ಹುಲಿ ಎಂದರೆ ಮೌಸಿಲ್ಲದೆ ಅಕ್ಷರ ಹೊಡೆದೇ ನಡೆಸುವ ಡಾಸ್ ಎಂಬ ಕಪ್ಪು ತೆರೆ. ಮಾಸ್ತರ ಪುಸ್ತಕ ನೋಡಿಕೊಂಡು ಒಂದು ಸಾಲಿನ ಅಪ್ಪಣೆ ಹೊಡೆದ. ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಕಡತಗಳೆಲ್ಲ ಗಾತ್ರದ ಪ್ರಕಾರ ಸಾಲುಗಟ್ಟಿದವು! ಎಲ್ಲಕ್ಕಿಂತ ದೊಡ್ಡದು ತುದಿಯಲ್ಲಿತ್ತು: KOHINO~1. ಅರ್ಧಕ್ಕೇ ಮುರಿದ ಹೆಸರು, ಮೇಲೆ ಹಾವಿನಂಥ ಬಾಲ. ವೈರಸ್ಸೇ ಸರಿ! ಮಾಸ್ತರ ಎರಡನೆಯ ಅಪ್ಪಣೆ ಹೊಡೆದು ಅದನ್ನು ಅಳಿಸಿಯೇಬಿಟ್ಟ. ಕಪ್ಪು ತೆರೆಯಲ್ಲಿ ಅಳಿಸಿದ್ದು ಕಸದಬುಟ್ಟಿಗೂ ಹೋಗುವುದಿಲ್ಲ, ನೇರ ಕೈಲಾಸಕ್ಕೆ!

ಮಧ್ಯಾಹ್ನ ಕೊಹಿನೂರು ಹಳ್ಳಿಯಿಂದ ಮಾವ, ಅನುರಾಧಾಳ ಅಪ್ಪ ಬಸವಣಪ್ಪ ಬಂದರು. ಎಂಬತ್ತರ ಮುದುಕರು. ಬಾಯಲ್ಲೇ ಉಳಿದಿದ್ದ ಅವರ ತತ್ವಪದಗಳನ್ನು ಅನುರಾಧಾ ಬೇಸಿಗೆಯೆಲ್ಲ ಕೇಳಿ ಕೇಳಿ ಟೈಪ್ ಮಾಡಿದ್ದಳು. ಪುಸ್ತಕವಾಗುವ ಮುಂಚೆ ಒಮ್ಮೆ ನೋಡಲೆಂದು ಮುದುಕರು ಚಷ್ಮಾ ಒರೆಸಿಕೊಂಡು ಕುರ್ಚಿ ಎಳೆದುಕೊಂಡರು.

ಅನುರಾಧಾ ಹುಡುಕಿದಳು. ಮತ್ತೆ ಹುಡುಕಿದಳು.

"ರೀ, 'ಕೊಹಿನೂರಪ್ಪ' ಅಂತ ಇಟ್ಟಿದ್ದೆ. ಎಲ್ಲಿ ಹೋತ್ರಿ?"

ಉದ್ದ ಹೆಸರಿಗೆ ಆ ಕಪ್ಪು ತೆರೆಯಲ್ಲಿ ಜಾಗವಿಲ್ಲ, ಆರು ಇಂಗ್ಲಿಷ್ ಅಕ್ಷರಕ್ಕೆ ಕತ್ತರಿಸಿ ಬಾಲ ಅಂಟಿಸುತ್ತದೆ ಎಂಬುದು ಮಾಸ್ತರನಿಗೆ ಈಗ ಹೊಳೆಯಿತು. ಕಸವೆಂದು ಗುಡಿಸಿದ್ದು ಸಾಕ್ಷಾತ್ ಮಾವನನ್ನು!

"ನಾನೇ... ಅಳಿಸೀನಿ."

ಅನುರಾಧಾ ಬೈಯಲಿಲ್ಲ. ಬಸವಣಪ್ಪನವರೇ ಸಮಾಧಾನ ಹೇಳಿದರು: "ಇರ್ಲಿ ಬಿಡ್ರಿ ಮಾಸ್ತರ. ನೆನಪಿದ್ದಷ್ಟು ಮತ್ತ ಹಾಡ್ತೀನಿ."

ಅಲ್ಲೇ ಶುರು ಮಾಡಿದರು. ಎರಡನೆಯ ನುಡಿಗೆ ನಿಂತರು. ಮುಂದಿನದು ನೆನಪಾಗದೆ ಸೂರು ನೋಡಿದರು. ಮಾಸ್ತರ ನೆಲ ನೋಡಿದ. ಎರಡು ಏಟು ಕೊಟ್ಟಿದ್ದರೂ ಅವನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರುದಿನ ರಜೆ ಹಾಕಿ, ಕಂಪ್ಯೂಟರಿನ ಡಬ್ಬಿಯನ್ನು ಚಾದರಿನಲ್ಲಿ ಸುತ್ತಿ, ಹುಮನಾಬಾದಿನ ಬಸ್ಸು ಹತ್ತಿದ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹಬೀಬ್ ಇದ್ದ. ಅಳಿಸಿದ್ದನ್ನು ಅವನು ತೆಗೆದರೂ ತೆಗೆದಾನು! ಕೂರಲು ಜಾಗವಿರಲಿಲ್ಲ. ರಾಜೇಶ್ವರದಲ್ಲಿ ಹತ್ತಿದ ಮುದುಕಿಯೊಬ್ಬಳು ಚಾದರಿನ ಗಂಟು ನೋಡಿ ಮರುಗಿದಳು: "ಕೂಸು ಭಾಳ ದಪ್ಪ ಅದ. ಅರಾಮಿಲ್ಲೇನಪಾ?"

"ಇಲ್ಲಬೇ. ನಂದೇ ತಪ್ಪು."

ಬೆವರು ಸುರಿಸುತ್ತ ಅಂಗಡಿಗೆ ಹೋಗಿ, ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು, ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ಹಬೀಬ್ ಡಬ್ಬಿ ಮುಟ್ಟಲೇ ಇಲ್ಲ. ಟೇಬಲ್ಲಿನ ಖಾನೆ ಎಳೆದು ಒಂದು ಸಿ.ಡಿ. ತೆಗೆದ.

"ಎಲ್ಲಾ ಪದ ಇದರಾಗ ಅವ ನೋಡ್ರಿ ಮಾಸ್ತರ್. ಹೋದ ತಿಂಗಳೇ ಅನುರಾಧಾ ಭಾಭಿ ಬಂದು, 'ನಮ್ಮನ್ಯಾವ್ರು ಕಂಪ್ಯೂಟರ್ ಕಲಿಯಾಕತ್ತಾರ, ಒಂದು ಕಾಪಿ ನಿಮ್ಮಲ್ಲಿರ್ಲಿ' ಅಂತ ಇಟ್ಟು ಹೋಗ್ಯಾರ."

ಮಾಸ್ತರನಿಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರ ಅಕಿ ನಿನ್ನೇನೇ ನನಗ್ಯಾಕ ಹೇಳಲಿಲ್ಲ?"

ಹಬೀಬ್ ನಗು ತಡೆದುಕೊಂಡ.

"ಮುಂಜಾನೆ ಫೋನ್ ಮಾಡಿದ್ರು ಸಾಬ್. 'ಹೊತ್ಕೊಂಡು ಬರ್ಲಿ, ಆಮ್ಯಾಲ ಹೇಳ್ರಿ' ಅಂದ್ರು!"